ನಮ್ಮ ಭಾವನೂ ರೋಮಿನ ನೀರೂ

ನಮ್ಮ ಭಾವನ ಮನೆಯಲ್ಲಿ ಯಾರೂ ಕುಡಿಯಲು ನೀರು ಕೇಳುತ್ತಿರಲಿಲ್ಲ. ಕೇಳಿದರೆ ನೀರಿಗಿಂತ ಮೊದಲು ರೋಮ್ ಬರುತ್ತಿತ್ತು! ಎರಡು ಸಾವಿರ ವರ್ಷದ ಹಿಂದೆ ಬೆಟ್ಟದ ಊಟೆಯಿಂದ ನಗರದ ಕಾರಂಜಿಯವರೆಗೆ, ಪಂಪಿಲ್ಲದೆ, ಬರೀ ಇಳಿಜಾರಿನಲ್ಲಿ ನೀರು ತಂದ ಜನ ಎಂದು ಅವರು ಶುರು ಮಾಡಿದರೆ ಬಂದವರಿಗೆ ಬಾಯಾರಿಕೆಯೇ ಮರೆತುಹೋಗಬೇಕು. ಅಬುಧಾಬಿಯ ಕಟ್ಟಡವೊಂದರ ಪಂಪು, ಟ್ಯಾಂಕು ನೋಡಿಕೊಳ್ಳುವುದು ಅವರ ಕೆಲಸ. ದಿನವಿಡೀ ಪಂಪಿನ ಅನ್ನ ಉಂಡು ಸಂಜೆ ಪಂಪಿಲ್ಲದವರನ್ನು ಹೊಗಳುವವರು ಬೇರೆ ಯಾರಿದ್ದಾರೆ?

ಅಲ್ಲಿನದೇ ಬಡಾವಣೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಬಾಡಿಗೆಗೆ ಮನೆ ಹುಡುಕುವಾಗಲೂ ಅಷ್ಟೆ. ಏಜೆಂಟ್ ಬಾಲ್ಕನಿ ತೋರಿಸುತ್ತಿದ್ದರೆ ಭಾವ ಬಚ್ಚಲಿಗೆ ನುಗ್ಗಿ, ಕೈಯಲ್ಲಿದ್ದ ಬಾಟಲಿಯ ನೀರು ಸುರಿದು, ಮಂಡಿಯೂರಿ ನೋಡುತ್ತಿದ್ದರು. ನೀರು ಬಾಗಿಲ ಕಡೆ ಹರಿದರೆ ಆ ಮನೆ ಖಲಾಸ್. ಹೀಗೆ ನಾಲ್ಕು ಮನೆ ಹೋದವು. ಐದನೆಯದರಲ್ಲಿ ಅಕ್ಕ ಬಚ್ಚಲಿಗೆ ಅಡ್ಡ ನಿಂತಳು.

"ಇಲ್ಲಿ ಇರ್ಲಿಕ್ಕೆ ಬಂದದ್ದು ನಾವು, ನೀರಲ್ಲ. ಸೈನ್ ಮಾಡಿ."

"ಆರಡಿ ಬಚ್ಚಲಿಗೆ ಇಳಿಜಾರು ಕೊಡ್ಲಿಕ್ಕೆ ಬರುದಿಲ್ಲ ಅಲ್ವಾ ಮಾರಾಯ್ತಿ ಇವರಿಗೆ. ರೋಮಿನವ್ರು..."

"ರೋಮಿನವ್ರು ಹೆಂಡ್ತಿಯನ್ನು ಹೀಗೆ ಬಿಸಿಲಲ್ಲಿ ತಿರುಗಿಸ್ತಿದ್ರಾ?"

ಭಾವ ಸೈನ್ ಮಾಡಿದರು.

ಊರಿನಿಂದ ಬಂದ ನೆಂಟರು ದುಬೈಯ ಎತ್ತರದ ಕಟ್ಟಡ ನೋಡಲು ಹೊರಟರೆ ಕಾರು ಹೋಗಿ ನಿಲ್ಲುತ್ತಿದ್ದದ್ದು ಅಲ್ ಐನ್‌ನ ಖರ್ಜೂರದ ತೋಟದಲ್ಲಿ. ಅಲ್ಲಿ ಹಳೆಯ ಕಾಲದ ಸಣ್ಣ ನೀರಿನ ಕಾಲುವೆ. ಇದಕ್ಕೂ ಪಂಪಿಲ್ಲ ಎಂದು ಭಾವ ಬೀಗುತ್ತಿದ್ದರು. ಪಾಪ, ನೆಂಟರು ಅದರ ಮುಂದೆಯೇ ಸೆಲ್ಫಿ ತೆಗೆದುಕೊಳ್ಳಬೇಕು!

ಆದರೆ ಭಾವನಿಗೆ ಬೇಕಾಗಿದ್ದದ್ದು ರೋಮಿನ ಕಾಲುವೆ. ಒಮ್ಮೆಯಾದರೂ ಅದರ ಕಮಾನಿನ ಕೆಳಗೆ ನಿಲ್ಲಬೇಕು, ಅಷ್ಟೆ. ಕಳೆದ ವರ್ಷ ರಜೆ ಸಿಕ್ಕಿತು, ವೀಸಾಕ್ಕೆ ಅರ್ಜಿ ಹಾಕಿದರು. ಕಲ್ಲು ನೋಡಲು ಅಷ್ಟು ದೂರವಾ ಎಂದು ಗೊಣಗುತ್ತಲೇ ಅಕ್ಕ ಇಬ್ಬರಿಗೂ ಸ್ವೆಟರ್ ಕೊಂಡಳು.

ವೀಸಾ ಬಂದ ದಿನ ಭಾವ ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶ ಸೋತಿತ್ತು. ಪ್ರಯಾಣದ ಮಾತೇ ಬೇಡ ಎಂದಿದ್ದರು ಡಾಕ್ಟರು. ಅವರ ಆಯಸ್ಸು ಇನ್ನು ಮೂರೇ ದಿನ ಉಳಿದಿದೆ ಎಂದು ನಮಗಾರಿಗೂ ಗೊತ್ತಿರಲಿಲ್ಲ. ಮುಖದ ಮೇಲೆ ಆಕ್ಸಿಜನ್ ಮಾಸ್ಕ್. ಭಾವ ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು.

ಅಕ್ಕ ಪಾಸ್‌ಪೋರ್ಟನ್ನು ಅವರ ಕೈಗಿಟ್ಟು, ಕುರ್ಚಿ ಎಳೆದುಕೊಂಡು ಕುಳಿತು, ತಾನೇ ಹೇಳತೊಡಗಿದಳು. ಬೆಟ್ಟದ ಊಟೆ, ಅಲ್ಲಿಂದ ನೆಲದೊಳಗಿನ ಸುರಂಗ, ಅದಕ್ಕೆ ಕೊಟ್ಟ ಇಳಿಜಾರು ಎಷ್ಟು, ಎಲ್ಲ. ಇಪ್ಪತ್ತು ವರ್ಷ ಇದನ್ನೆಲ್ಲ ಕಿವಿಗೇ ಹಾಕಿಕೊಳ್ಳಲಿಲ್ಲ ಎಂದು ನಾವು ತಿಳಿದಿದ್ದ ಅಕ್ಕ! ಸುರಂಗದಿಂದ ನೇರ ಕಮಾನುಗಳಿಗೆ ಬಂದಾಗ ಭಾವ ಒಂದು ಬೆರಳು ಎತ್ತಿದರು.

"ಹೌದಲ್ಲ, ಕೆಸರು ತಂಗುವ ತೊಟ್ಟಿ ಬಿಟ್ಟೆ," ಎಂದ ಅಕ್ಕ ಕಣ್ಣೊರೆಸಿಕೊಂಡು, ಬೆಟ್ಟದಿಂದ ಮತ್ತೆ ನೀರು ಬಿಟ್ಟಳು.