ಹಜರತ್ ಒಪ್ಪಿದ ಟೆಸ್ಟು

ಮಗು ಬೇಕು ಅಂತ ಬರೋರು ಅಳ್ತಾ ಬರ್ತಾರೆ, ನಮ್ಮನ್ನ ನಗಿಸಿ ಹೋಗ್ತಾರೆ. ಎಂಬತ್ತರ ದಶಕದಲ್ಲಿ ಕೋಲಾರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ನರ್ಸಾಗಿದ್ದೆ. ಉದಾಹರಣೆಗೆ ಶ್ರೀನಿವಾಸಪುರದ ಮಾವಿನ ಮಂಡಿ ಸಾಹೇಬರ ಸಂಸಾರವೊಂದೇ ಸಾಕು.

೧. ತೀರ್ಪು

ಸಾಹೇಬರಿಗೆ ಮದುವೆಯಾಗಿ ಏಳು ವರ್ಷ. ಹೆಂಡತಿಗೆ ಎಲ್ಲ ಪರೀಕ್ಷೆಯೂ ಎರಡೆರಡು ಸಲ ಆಗಿತ್ತು, ದೋಷವಿರಲಿಲ್ಲ.

"ಇನ್ನು ಗಂಡನ ವೀರ್ಯ ಪರೀಕ್ಷೆ ಮಾಡಬೇಕು" ಅಂದರು ಡಾಕ್ಟರಮ್ಮ.

ಸಾಹೇಬರು ಎದ್ದೇ ನಿಂತರು. "ತೌಬಾ! ನಮ್ಮಲ್ಲಿ ಅದೆಲ್ಲ ಹರಾಮ್."

"ಇನ್ನೊಂದು ನಿಕಾಹ್ ಮಾಡಿದ್ರೆ ಆಯ್ತು" ಅಂದರು ಅವರ ತಾಯಿ. ಸೊಸೆ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ತಾ ಕೂತಿದ್ದಳು.

"ಹೋಗಿ ನಿಮ್ಮ ಧರ್ಮಗುರು ಹಜರತ್‌ರನ್ನೇ ಕೇಳಿ" ಅಂತ ಡಾಕ್ಟರಮ್ಮ ಮೂವರನ್ನೂ ಮುಳಬಾಗಿಲಿಗೆ ಕಳಿಸಿದರು.

ಮುಂದಿನ ವಾರ ಸಾಹೇಬರು ಮುಖ ಇಳಿಬಿಟ್ಟು ಬಂದರು. ಸೊಸೆ ನನ್ನ ಕಿವಿಯಲ್ಲಿ ಹೇಳಿದಳು: "ಚಿಕಿತ್ಸೆಗೆ ಅಡ್ಡಿಯಿಲ್ಲ, ಗಂಡ ಹೆಂಡ್ತಿ ನಡುವೆ ಮೂರನೆಯವರದು ಸೇರಬಾರದು ಅಷ್ಟೆ ಅಂದ್ರು ಹಜರತ್. ಎರಡನೇ ನಿಕಾಹ್ ಬಗ್ಗೆ ಅತ್ತೆ ಕೇಳಿದ್ರೆ, ಇವರ ಕಡೆ ತಿರುಗಿ, 'ಮೊದಲು ಟೆಸ್ಟ್ ಮಾಡಿಸು ಬೇಟಾ. ದೋಷ ನಿನ್ನದೇ ಆದ್ರೆ ಇಬ್ಬರು ಹೆಂಗಸರ ಶಾಪ ತಟ್ಟುತ್ತೆ' ಅಂದ್ರು."

೨. ಸಾಕ್ಷಿ

ಚಿಕ್ಕ ಬಾಟಲಿ ಕೊಟ್ಟೆ. ಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮೆಲ್ಲಗೆ ಕೇಳಿದರು: "ಸಿಸ್ಟರ್, ನಿಕಾಹ್‌ಗೆ ಇಬ್ಬರು ಸಾಕ್ಷಿ ಬೇಕು. ಇದಕ್ಕೆ?"

"ಒಬ್ಬರೂ ಬೇಡ ಸಾಹೇಬ್ರೇ. ಬಾಗಿಲು ಹಾಕ್ಕೊಳ್ಳಿ."

೩. ಕಾವಲು

ಕೊರತೆ ಅವರಲ್ಲೇ ಇತ್ತು. ಅವರ ವೀರ್ಯವನ್ನೇ ಲ್ಯಾಬಿನಲ್ಲಿ ಶುದ್ಧ ಮಾಡಿ ಹೆಂಡತಿಗೆ ಸೇರಿಸೋದು ಅಂತಾಯ್ತು. ಎರಡನೇ ನಿಕಾಹ್ ಮಾತು ನಿಂತಿತು. ಆದರೆ 'ಮೂರನೆಯವರದು ಸೇರಬಾರದು' ಅನ್ನೋದನ್ನ ಅತ್ತೆ ಗಟ್ಟಿಯಾಗಿ ಹಿಡಕೊಂಡರು. ಲ್ಯಾಬ್ ಬಾಗಿಲಿಗೆ ಅಡ್ಡ ಸ್ಟೂಲ್ ಹಾಕಿ, ಜಪಮಣಿ ಎಣಿಸ್ತಾ ಕೂತುಬಿಟ್ಟರು. ಡಾಕ್ಟರಮ್ಮನಿಗೂ ದಾರಿ ಬಿಡಲಿಲ್ಲ.

"ನಾನೂ ಒಳಗೆ ಹೋಗದಿದ್ರೆ ಮೊಮ್ಮಗು ಹೇಗಮ್ಮಾ ಬರುತ್ತೆ?"

"ನೀವು ಹೋಗಿ. ಆ ಕಾಂಪೌಂಡರ್ ಬೇಡ. ಗಂಡಸು."

ಕಾಂಪೌಂಡರಿಗೆ ಅರವತ್ತು. ಆ ವಾರವೆಲ್ಲ ಮೀಸೆ ತಿರುವಿಕೊಂಡೇ ಓಡಾಡಿದರು.

ಮೂರನೇ ಪ್ರಯತ್ನಕ್ಕೆ ಗರ್ಭ ನಿಂತಿತು. ಹೆಣ್ಣುಮಗು. ಸೊಸೆ ಅತ್ತಳು, ಸಾಹೇಬರು ಅವಳಿಗಿಂತ ಜೋರಾಗಿ ಅತ್ತರು. ಅತ್ತೆ ಮಗುವನ್ನೆತ್ತಿಕೊಂಡು ಎಲ್ಲರಿಗೂ ಖರ್ಜೂರ ಹಂಚುತ್ತಾ ಬಂದು, ಕಾಂಪೌಂಡರ ಮುಂದೆ ಗಕ್ಕನೆ ನಿಂತರು. ಮಗುವನ್ನು ಅವರ ಮುಖದ ಪಕ್ಕಕ್ಕೆ ಹಿಡಿದರು. ಮೂಗು ನೋಡಿದರು, ಕಿವಿ ನೋಡಿದರು, ಗದ್ದ ನೋಡಿದರು.

"ಇಲ್ಲ, ನಮ್ದೇ. ತಗೊಳ್ಳಿ" ಅಂತ ಅವರಿಗೆ ಮಾತ್ರ ಎರಡು ಖರ್ಜೂರ ಕೊಟ್ಟರು.