ಮೂರನೇ ತೂತಿಗೊಂದು ವೈರು

ಕರೆಂಟು ಇಲ್ಲದ ಹೊತ್ತಿನಲ್ಲಿ ನಮ್ಮ ಚಳ್ಳಕೆರೆಯಲ್ಲಿ ಏನೂ ನಡೆಯುವುದಿಲ್ಲ. ಕರೆಂಟು ಬಂದ ಮೇಲೆ ನಡೆಯುವುದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಅಪ್ಪಾಜಿಯದು ಬಸ್ ಸ್ಟ್ಯಾಂಡಿನ ಹತ್ತಿರ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನಾನು ಮಧ್ಯಾಹ್ನದ ಹೊತ್ತು ಅಲ್ಲಿ ಕೂರುತ್ತಿದ್ದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಅಂತ ಡಬ್ಬದ ಮೇಲೆ ಬರೆದದ್ದನ್ನು ಗಿರಾಕಿಗಳಿಗೆ ಓದಿ ಹೇಳುವ ಕೆಲಸ ನನ್ನದು. ನನಗೋ, ಇಬ್ಬರು ಒಟ್ಟಿಗೆ ನನ್ನ ಕಡೆ ನೋಡಿದರೆ ಕನ್ನಡವೂ ಮರೆತುಹೋಗುತ್ತಿತ್ತು. ಹಾಗಾಗಿ ಹೇಳಿದ್ದಕ್ಕಿಂತ ನೋಡಿದ್ದೇ ಹೆಚ್ಚು.

ಟಿವಿ, ಮಿಕ್ಸಿ, ಫ್ರಿಜ್ಜು ಒಂದೊಂದಾಗಿ ಊರಿಗೆ ಬರುತ್ತಿದ್ದ ಕಾಲ. ಸಾಮಾನಿಗೆ ಮೂರು ಪಿನ್ನು, ಮನೆಯ ಗೋಡೆಯಲ್ಲಿ ಎರಡೇ ತೂತು. ನಮ್ಮ ಮನೆಯಲ್ಲಿ ಮೂರು ತೂತೇನೋ ಇದ್ದವು, ಆದರೆ ಮೂರನೆಯದರ ಹಿಂದೆ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ವೈರೇ ಇರಲಿಲ್ಲ. ಫ್ರಿಜ್ಜು ಮುಟ್ಟಿದಾಗೆಲ್ಲ ಅವ್ವನಿಗೆ ಶಾಕ್ ಹೊಡೆಯುತ್ತಿತ್ತು.

"ಊರಿಗೆಲ್ಲ ವೈರು ಮಾರ್ತೀರಿ. ನನಗೊಂದು ಎಳಸ್ರಿ" ಎಂದು ಅವ್ವ ದಿನಾ ಕೇಳುತ್ತಿದ್ದಳು.

"ನಾಳೆ" ಎಂದು ಅಪ್ಪಾಜಿ ದಿನಾ ಹೇಳುತ್ತಿದ್ದರು.

ಕೊಯ್ದ ಕಾಲು

ನನ್ನಿವಾಳ ಹಳ್ಳಿಯ ರೈತರೊಬ್ಬರು ಟೇಬಲ್ ಫ್ಯಾನ್ ಕೊಂಡರು. ಪ್ಲಗ್ಗನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಮೇಲಿನ ದಪ್ಪ ಕಾಲು ಬ್ಯಾಡ್ರಿ, ಕೊಯ್ದು ಕೊಡ್ರಿ. ನಮ್ಮನೇಲಿ ಎರಡೇ ತೂತು ಐತೆ" ಎಂದರು.

ನಾನು ಇದ್ದಬದ್ದ ಧೈರ್ಯವನ್ನೆಲ್ಲ ಸೇರಿಸಿ, "ಅಂಕಲ್, ಅದು ಸೇಫ್ಟಿಗೆ" ಎಂದೆ.

"ನನ್ನ ಸೇಫ್ಟಿಗೆ ನಾನಿಲ್ವೇನವ್ವ?"

ಅಪ್ಪಾಜಿ ಗರಗಸದ ಬ್ಲೇಡು ತೆಗೆದು ಆ ಕಾಲನ್ನು ಕೊಯ್ದೇಬಿಟ್ಟರು. ನನ್ನ ಕಾಲನ್ನೇ ಕೊಯ್ದಂತೆ ನಾನು ಕಣ್ಣು ಮುಚ್ಚಿಕೊಂಡೆ.

ಮುಂದಿನ ಸಂತೆಗೆ ಅದೇ ರೈತರು ಮತ್ತೆ ಬಂದರು. "ಸಾವ್ಕಾರ್ರೇ, ಆ ಕಾಲು ಇಟ್ಟಿದೀರೇನ್ರಿ? ಫ್ಯಾನು ಮಗಳ ಮನೆಗೆ ಕೊಡ್ತಿದೀನಿ. ಅಳಿಯನ ಮನೇಲಿ ಮೂರು ತೂತು ಐತಂತೆ."

ಕೊಯ್ದ ಕಾಲು ಮತ್ತೆ ಕೂರುವುದುಂಟೇ? ಅಪ್ಪಾಜಿ ಬೈಯುತ್ತಾರೆ ಅಂದುಕೊಂಡೆ. ಅವರು ತಣ್ಣಗೆ ಒಂದು ತಗಡಿನ ಡಬ್ಬಿ ತೆಗೆದು ಟೇಬಲ್ಲಿನ ಮೇಲೆ ಸುರಿದರು. ಊರಿನವರ ಪ್ಲಗ್ಗುಗಳಿಂದ ಕೊಯ್ದ ಹಿತ್ತಾಳೆ ಕಾಲುಗಳ ರಾಶಿ!

"ನಿಮ್ದು ಯಾವುದು, ಗುರುತು ಹಿಡೀರಿ" ಎಂದರು.

ಫ್ರಿಜ್ಜಿನ ಮುಂದಿನ ಮಣೆ

ಅಪ್ಪಾಜಿಯ "ನಾಳೆ" ಬರುವುದೇ ಇಲ್ಲ ಎಂದು ಗೊತ್ತಾದ ಮೇಲೆ ಅವ್ವ ತಾನೇ ಒಂದು ದಾರಿ ಕಂಡುಕೊಂಡಳು. ಫ್ರಿಜ್ಜಿನ ಮುಂದೆ ಊಟದ ಮಣೆ ಹಾಕಿ, ಅದರ ಮೇಲೆ ಹತ್ತಿ ನಿಂತು, ಸೆರಗಿನಲ್ಲಿ ಹಿಡಿ ಹಿಡಿದು ಬಾಗಿಲು ತೆಗೆಯುವುದು. ಮರದ ಮೇಲೆ ನಿಂತರೆ ಶಾಕ್ ಹೊಡೆಯುವುದಿಲ್ಲ.

ಪಕ್ಕದ ಮನೆಯ ಆಂಟಿ ಇದನ್ನು ಬಹಳ ದಿನ ನೋಡುತ್ತಿದ್ದರು, ಏನೂ ಕೇಳಲಿಲ್ಲ. ಅವರ ಮನೆಗೂ ಹೊಸ ಫ್ರಿಜ್ಜು ಬಂತು. ನೋಡಲು ಹೋದರೆ ಅದರ ಮುಂದೆಯೂ ಮಣೆ, ಮಣೆಯ ಸುತ್ತ ರಂಗೋಲಿ. ಆಂಟಿ ಮಣೆ ಹತ್ತಿ, ಸೆರಗು ಕೈಗೆ ತಗೊಂಡು, ಭಕ್ತಿಯಿಂದ ಬಾಗಿಲು ತೆಗೆದರು.

"ನಿಮ್ಮ ಫ್ರಿಜ್ಜೂ ಹೊಡೆಯುತ್ತಾ ಆಂಟಿ?" ಎಂದೆ ಮೆಲ್ಲಗೆ.

"ಹೊಡಿಯೋದಾ? ಅಯ್ಯೋ ದೇವ್ರೇ! ಸೊಪ್ಪು ಬಾಡಬಾರ್ದು ಅಂತ ನಿಮ್ಮವ್ವ ಹಿಂಗೆ ಮಾಡ್ತಾಳೆ ಅಂದ್ಕೊಂಡಿದ್ನಲ್ಲೇ!"

ಹಾಲು

ಅದೇ ಆಂಟಿ ಮೊಮ್ಮಗನ ನಾಮಕರಣಕ್ಕೆ ಮಣೆ ಸಾಲದೆ ನಮ್ಮದನ್ನೂ ಒಯ್ದರು. ಅವ್ವ ಆ ಗಡಿಬಿಡಿಯಲ್ಲಿ ಮರೆತು, ಸ್ಟೀಲಿನ ಹಾಲಿನ ಪಾತ್ರೆ ಹಿಡಿದು ಬರಿಗಾಲಲ್ಲಿ ಫ್ರಿಜ್ಜಿಗೆ ಕೈ ಹಾಕಿದಳು. ಕಿಟಾರನೆ ಕಿರುಚಿದ್ದು ಕೇಳಿ ನಾನೂ ಅಪ್ಪಾಜಿಯೂ ಓಡಿದೆವು. ಅವ್ವ ಗೋಡೆಗೆ ಒರಗಿ ನಡುಗುತ್ತಿದ್ದಳು. ನೆಲದ ತುಂಬ ಹಾಲು.

ಅಪ್ಪಾಜಿ ಬಗ್ಗಿ ಪಾತ್ರೆ ಎತ್ತಿ ಒಳಗೆ ನೋಡಿದರು. ಆಮೇಲೆ ಕೇಳಿದರು: "ಎಲ್ಲಾ ಹೋಯ್ತಾ? ಟೀಗಾದ್ರೂ ಸ್ವಲ್ಪ ಐತಾ?"

ಅವ್ವ ಕಣ್ಣು ಒರೆಸಿಕೊಂಡು ಸೀರೆ ಬದಲಿಸಿ, ಚೀಲ ತೆಗೆದುಕೊಂಡಳು. "ಮೂರನೇ ತೂತಿಗೆ ವೈರು ಬರೋವರೆಗೂ ನಾನು ಮೊಳಕಾಲ್ಮೂರಲ್ಲಿ ಇರ್ತೀನಿ. ಟೀ ಅಲ್ಲೇ ಕುಡೀತೀನಿ."

ಮೊಳಕಾಲ್ಮೂರಿನ ಹೊಸ ದೇವರು

ಅವ್ವನನ್ನು ತವರಿಗೆ ಬಿಡಲು ನಾನೇ ಬಸ್ಸಿನಲ್ಲಿ ಹೋದೆ. ಅಲ್ಲಿ ಮಾವ ಅಂಗಳದಲ್ಲಿ ಗುಂಡಿ ತೋಡಿಸಿ, ಉಪ್ಪು, ಇದ್ದಿಲು ಹಾಕಿಸಿ, ಪೈಪು ಹೂಳಿಸಿ, ಶಾಸ್ತ್ರೋಕ್ತವಾಗಿ ಅರ್ಥಿಂಗ್ ಮಾಡಿಸಿದ್ದರು. ಒಣನೆಲ, ದಿನಾ ಒಂದು ಚೊಂಬು ನೀರು ಹಾಕಬೇಕು ಅಂತ ಮಾವ ಅಜ್ಜಿಗೆ ಹೇಳಿದ್ದರು. ಅಜ್ಜಿಗೆ ಬರೀ ನೀರು ಹಾಕಿ ಅಭ್ಯಾಸವಿಲ್ಲ. ಸ್ನಾನ ಮಾಡಿ ಬಂದು ನೀರು ಹಾಕಿ, ಪೈಪಿಗೆ ವಿಭೂತಿ ಹಚ್ಚಿ, ಒಂದು ಕಣಗಿಲೆ ಹೂ ಇಡುತ್ತಿದ್ದರು.

ಎದುರುಮನೆಗೆ ಆಂಧ್ರದಿಂದ ಹೊಸದಾಗಿ ಬಂದ ಸೊಸೆ ಬಾಗಿಲಲ್ಲೇ ಕೈಮುಗಿದು, "ಈ ದೇವುಡಿ ಪೇರೇಮಿ ಅವ್ವಾ?" ಎಂದು ತೆಲುಗಿನಲ್ಲಿ ದೇವರ ಹೆಸರು ಕೇಳಿದಳು.

"ಹೆಸರು ನಂಗೂ ಗೊತ್ತಿಲ್ಲ ಕಣಮ್ಮ. ಶಾಕ್ ಹೊಡೀದಂಗೆ ಕಾಯ್ತಾನೆ" ಎಂದರು ಅಜ್ಜಿ.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಆ ಸೊಸೆ ಪೈಪಿನ ಮುಂದೆ ತೆಂಗಿನಕಾಯಿ ಹಿಡಿದು ಕೂತಿದ್ದಳು. ಅವಳ ಮಿಕ್ಸಿಯೂ ಹೊಡೆಯುತ್ತಿತ್ತಂತೆ.

ಅಜ್ಜಿ ಪಾಪ ಅಂದುಕೊಂಡು ಬುದ್ಧಿ ಹೇಳಿದರು: "ಬರೀ ಕಾಯಿ ಒಡೆದ್ರೆ ಆಗಲ್ಲ ಕಣಮ್ಮ. ಈ ದೇವ್ರಿಗೆ ನಿಮ್ಮನೆಯಿಂದ ವೈರು ಎಳಸ್ಬೇಕು. ವೈರಿಲ್ದೆ ಇವನಿಗೆ ಏನೂ ಕೇಳಿಸಲ್ಲ."

ಸೋಮವಾರದ ಪೂಜೆ

ಅಪ್ಪಾಜಿಗೆ ಈ ಶಾಕಿನಲ್ಲಿ ನಂಬಿಕೆಯೇ ಇರಲಿಲ್ಲ. ಕಾರಣ, ಹಿಮ್ಮಡಿ ಒಡೆದದ್ದಕ್ಕೆ ಅವರು ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕುತ್ತಿದ್ದರು. ಬಿಡುತ್ತಿದ್ದುದು ಪೂಜೆಗೆ ಮಾತ್ರ, ಪೂಜೆಗೆ ಫ್ರಿಜ್ಜಿನಿಂದ ಹೂವು ತೆಗೆದುಕೊಡುತ್ತಿದ್ದವಳು ಅವ್ವ.

ಅವ್ವ ಇಲ್ಲದ ಮೊದಲ ಸೋಮವಾರ. ಅಪ್ಪಾಜಿ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ, ನೀರು ಸುರಿಸಿಕೊಂಡು, ಮಲ್ಲಿಗೆ ಹೂವಿಗಾಗಿ ಫ್ರಿಜ್ಜಿನ ಕಡೆ ಹೊರಟರು.

"ಅಪ್ಪಾಜೀ, ಚಪ್ಪಲಿ..." ಎಂದೆ. ನನ್ನ ಧ್ವನಿ ನನಗೇ ಕೇಳಲಿಲ್ಲ.

"ಪೂಜೆಗೆ ಚಪ್ಪಲಿ ಹಾಕ್ಕಂತಾರೇನೇ?" ಎನ್ನುತ್ತಾ ಹಿಡಿಗೆ ಕೈ ಇಟ್ಟರು.

ಈಗ ಒಂದು ವಿಷಯ ಹೇಳಬೇಕು. ಮದುವೆಯಾದಾಗಿನಿಂದ ಅಪ್ಪಾಜಿ ಅವ್ವನ ಹೆಸರು ಹಿಡಿದು ಕರೆದವರಲ್ಲ. ಎದುರಿಗೆ "ಇವಳೇ", ನಮ್ಮ ಹತ್ತಿರ "ನಿಮ್ಮವ್ವ". ಅಷ್ಟೆ.

"ಸರ್ವಮಂಗಳಾ!"

ಇಡೀ ಬೀದಿಗೆ ಕೇಳಿಸಿತು. ಪಕ್ಕದ ಆಂಟಿ ಕಾಂಪೌಂಡಿನ ಮೇಲಿಂದ ಬಗ್ಗಿದರು. ಅಪ್ಪಾಜಿ ನೆಲದ ಮೇಲೆ ಕೂತು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ನಾನು ನೀರು ಕೊಟ್ಟೆ. ಕುಡಿದು, ತಗ್ಗಿದ ದನಿಯಲ್ಲಿ, "ಫೋನ್ ಮಾಡು ನಿಮ್ಮವ್ವಂಗೆ. ಇವತ್ತೇ ವೈರು ಎಳಸ್ತಾರಂತೆ, ಸಂಜೆ ಬಸ್ಸಿಗೆ ಬಾ ಅನ್ನು" ಎಂದರು.

ನಾನು ಮಾವನ ಮನೆಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಶಾಕಿನ ವಿಷಯ ಬಿಟ್ಟು ಬೇರೆಯದನ್ನೇ ಕೇಳಿದಳು:

"ಹೆಸರು ಹಿಡಿದು ಕೂಗಿದ್ರಾ?"

"ಹೂಂ ಅವ್ವ."

"ಪೂರ್ತಿ ಹೆಸರಾ?"

"ಪೂರ್ತಿ. ಬೀದಿಯವರೆಲ್ಲ ಕೇಳಿಸ್ಕೊಂಡ್ರು."

ಆಮೇಲೆ ಅವ್ವ ಮೆಲ್ಲಗೆ ಹೇಳಿದಳು:

"ಸಂಜೆ ಬಸ್ಸಿಗೆ ಬರ್ತೀನಿ. ವೈರಿಗೇನು ಅರ್ಜೆಂಟಿಲ್ಲ, ನಾಳೆ ಎಳಸಿದ್ರಾಯ್ತು ಅನ್ನು. ಬೀದಿಯವರೆಲ್ಲ ಕೇಳಿಸ್ಕೊಂಡಿದಾರೆ, ನಾನೂ ಒಂದ್ಸಲ ಕೇಳಿಸ್ಕಂತೀನಿ."