ಒಣದ್ರಾಕ್ಷಿ ಶೆಡ್ಡಿಗೆ ಕಡುಬಿನ ಹಬೆ

ಐಗಳಿಯ ನಮ್ಮ ತೋಟದ ಸಾಲಿಗೆ ಬಹಳ ವರ್ಷ ಹವಾಮಾನ ಇಲಾಖೆಯಾಗಿದ್ದದ್ದು ನನ್ನ ಹೆಂಡತಿ ಗಿರಿಜವ್ವನ ಎಡ ಮೊಣಕಾಲು. ಅದು ಒಮ್ಮೆ ಚುಳುಕ್ಕೆಂದರೆ ಸಾಕು, ಸಂಜೆಯೊಳಗೆ ಮಳೆ. ದ್ರಾಕ್ಷಿ ಕೊಯ್ದು ಒಣಗಲು ಹರವಿದ ಕಾಲದಲ್ಲಿ ಅಕ್ಕಪಕ್ಕದ ಬೆಳೆಗಾರರು ನನ್ನನ್ನು ಕಂಡರೆ "ಏನಪಾ ರಾವಸಾಹೇಬ, ಆರಾಮ?" ಎಂದು ಕೇಳುತ್ತಿರಲಿಲ್ಲ. "ವೈನಿಯವರ ಮೊಣಕಾಲ ಹ್ಯಾಂಗೈತಿ?" ಎಂದೇ ಕೇಳುತ್ತಿದ್ದರು. ಮನೆಯ ಯಜಮಾನನಿಗಿಂತ ಯಜಮಾನಿಯ ಕಾಲಿಗೆ ಹೆಚ್ಚು ಮರ್ಯಾದೆ ಇರುವ ಮನೆಯಲ್ಲಿ ಬಾಳುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು.

ಹೋದ ವರ್ಷ ಒಬ್ಬ ಒಳ್ಳೆಯ ಡಾಕ್ಟರು ಆ ಮೊಣಕಾಲಿಗೆ ಔಷಧ ಕೊಟ್ಟರು. ನೋವು ಸಂಪೂರ್ಣ ಹೋಯಿತು. ಅದರ ಜೊತೆಗೆ ಹವಾಮಾನ ಇಲಾಖೆಯೂ ಮುಚ್ಚಿತು. ಮುನ್ಸೂಚನೆ ಇಲ್ಲದೆ ಬಂದ ಅಡ್ಡ ಮಳೆಯೊಂದು, ನಾಲ್ಕೂ ಕಡೆ ತೆರೆದ ಒಣಗಿಸುವ ಶೆಡ್ಡಿನೊಳಗೆ ನುಗ್ಗಿತು. ಬಂಗಾರದ ಬಣ್ಣಕ್ಕೆ ತಿರುಗುತ್ತಿದ್ದ ಒಣದ್ರಾಕ್ಷಿಯೆಲ್ಲ ಕಪ್ಪಾಗಿ, ಇಲಿ ಹಿಕ್ಕೆಯೋ ಎನ್ನುವಂತಾಯಿತು. ಅದನ್ನು ನೋಡಿ ಗಿರಿಜವ್ವ ವಾಸಿಯಾದ ಆ ಮೊಣಕಾಲನ್ನು ತಾನೇ ಗುದ್ದಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅಪರೂಪ. (ನಾನು ಅತ್ತದ್ದನ್ನು ಅವಳು ದಿನಾ ನೋಡುತ್ತಾಳೆ.)

ಆಗ ನನ್ನ ತಲೆಯಲ್ಲಿ ಒಂದು ದಿವ್ಯ ವಿಚಾರ ಮಿಂಚಿತು. ಮೊಣಕಾಲು ಮಾಡುವ ಕೆಲಸವನ್ನು ಯಂತ್ರ ಮಾಡಲಾರದೇನು?

ನಮ್ಮ ಸೊಸೆ ರೂಪಾಲಿ ಅಥಣಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಿಪ್ಪಾಣಿಯ ಹುಡುಗಿ. ನನ್ನನ್ನು ಮರಾಠಿಯವರಂತೆ 'ಮಾಮಾ' ಎಂದು ಕರೆಯುತ್ತಾಳೆ. ನನ್ನ ವಿಚಾರ ಕೇಳಿದ ಅವಳು ನಗಲಿಲ್ಲ. ಅದಕ್ಕೇ ನನಗೆ ಅವಳ ಮೇಲೆ ಅಷ್ಟು ಅಭಿಮಾನ. ಗಾಳಿಯ ತೇವವನ್ನು ಅಳೆಯುವ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಎರಡು ಯಂತ್ರಗಳನ್ನು ತಂದುಕೊಟ್ಟಳು.

"ಮಾಮಾ, ಇವು ಏನೇನ ಮಾಡಬೇಕಂತ ನೀವ ಸ್ಕ್ರಿಪ್ಟ್ ಬರೀರಿ. ನಾ ಕಲಸ್ತೀನಿ."

"ಎಲ್ಲಾರೂ ಪೈಥಾನ್ ಪೈಥಾನ್ ಅಂತಾರಲ್ಲವಾ, ಅದನ್ನ ಕಲೀಲೇನು?"

ಒಳಗಿನಿಂದ ಗಿರಿಜವ್ವ ಕೂಗಿದಳು. "ಪೈಥಾನ್ ಅಂದ್ರ ಹೆಬ್ಬಾವಲ್ಲನ? ಟಿವ್ಯಾಗ ನೋಡೇನಿ. ಎಮ್ಮಿ ಕರ ಐತಿ ಮನ್ಯಾಗ. ಅದೆಲ್ಲಾ ಬ್ಯಾಡ!"

"ಹೆಬ್ಬಾವಲ್ಲ ಅತ್ತಿ, ಇದು ಲುವಾ ಅಂತ ಬ್ಯಾರೆ ಭಾಷಾ. ಭಾಳ ಮಂದಿಗೆ ಗೊತ್ತಿಲ್ಲ. ಸಣ್ಣದು, ಹಗುರು. ಲುವಾ ಅಂದ್ರ ಚಂದ್ರ."

"ಈ ವಯಸ್ಸಿನ್ಯಾಗ ಇವರಿಗೆ ಚಂದ್ರ ಬೇಕಾಗ್ಯಾನು? ಕಲೀಲಿ ಕಲೀಲಿ, ಅಮಾಸಿ ದೂರಿಲ್ಲ."

ಹೀಗೆ ಮಂಗಳ ವಚನದೊಂದಿಗೆ ನನ್ನ ವಿದ್ಯಾಭ್ಯಾಸ ಆರಂಭವಾಯಿತು.

ರೂಪಾಲಿ ಪುಸ್ತಕದ ಲೆಕ್ಕ ಕೊಡುವ ಶಿಕ್ಷಕಿಯಲ್ಲ. ಮನೆಯಲ್ಲಿ ನಡೆಯುವುದನ್ನೇ ಎತ್ತಿಕೊಂಡು ಸಮಸ್ಯೆ ಮಾಡುತ್ತಿದ್ದಳು. "ಅತ್ತಿ ಸಿಟ್ಟಿನ್ಯಾಗಿದ್ರ ಸುಮ್ಮನಿರು, ಇಲ್ಲಂದ್ರ ಚಹಾ ಕೇಳು. ಇದನ್ನ ಬರೀರಿ ಮಾಮಾ." ಬರೆದೆ. ಇಫ್, ದೆನ್, ಎಲ್ಸ್. ಬರೆದಾದ ಮೇಲೆ ಹೊಳೆಯಿತು, ಈ ಸ್ಕ್ರಿಪ್ಟನ್ನು ನಾನು ಮದುವೆಯಾದಂದಿನಿಂದ ಕಂಪ್ಯೂಟರಿಲ್ಲದೆಯೇ ಓಡಿಸುತ್ತಿದ್ದೇನೆ. 'ಎಲ್ಸ್' ಎಂಬ 'ಇಲ್ಲಂದ್ರ' ಭಾಗ ಓಡಿದ್ದನ್ನು ಮಾತ್ರ ಕಂಡಿಲ್ಲ.

ಇನ್ನೊಂದು ದಿನ ಸಂತೆಯ ಕಾಯಿಪಲ್ಲೆಯನ್ನು ಒಂದು ಟೇಬಲ್ಲಿನಲ್ಲಿ ತುಂಬಲು ಹೇಳಿದಳು. (ಲುವಾದಲ್ಲಿ ಎಲ್ಲವನ್ನೂ ಟೇಬಲ್ಲಿನ ಮೇಲೆಯೇ ಇಡುತ್ತಾರೆ. ನಮ್ಮ ಮನೆಯ ಹಾಗೆಯೇ.) ಬದನೆ, ಮೆಂತ್ಯ, ಹಸಿಮೆಣಸು ಎಲ್ಲ ಕೇಳಿದೆ, ಕೊಟ್ಟಿತು. ಕೊತ್ತಂಬರಿ ಕೇಳಿದೆ. 'ನಿಲ್' ಎಂದಿತು.

"ನಿಲ್ ಅಂತೈತಲ್ಲ?" ಎಂದೆ.

"ನಿಂತೇನ ಮಾಡ್ತೀರಿ?" ಎಂದಳು ಗಿರಿಜವ್ವ. "ಕೊತ್ತಂಬರಿ ಖರೇನ ತಂದಿಲ್ಲ ನೀವು. ಹೋಗಿ ತರ್ರಿ!"

ಫಂಕ್ಷನ್ ಎಂದರೆ ಅದುವರೆಗೆ ನನಗೆ ಗೊತ್ತಿದ್ದದ್ದು ಮದುವೆ, ತೊಟ್ಟಿಲು, ಬುಂದಿ ಲಾಡು. ಲುವಾದಲ್ಲಿ ಪೆಂಡಾಲು ಇಲ್ಲದೆಯೂ ಫಂಕ್ಷನ್ ಮಾಡಬಹುದೆಂದು ತಿಳಿದಾಗ ಬಹಳ ಸಂತೋಷವಾಯಿತು. ಎರಡು ಫಂಕ್ಷನ್ ಬರೆದೆ. ಮೊದಲನೆಯದು ಮನೆಯ ಹಿಂದಿನ ಶೆಡ್ಡಿನಲ್ಲಿ ತೂಗುಹಾಕಿದ ಯಂತ್ರದಿಂದ ತೇವ ಓದುವುದು. ಎರಡನೆಯದು ಅಡಿಗೆಮನೆಯ ಯಂತ್ರದ್ದು, ಅದು ಬರೀ ಅಭ್ಯಾಸಕ್ಕೆ. ಸುಡುಬಿಸಿಲಿನಲ್ಲಿ ಪರೀಕ್ಷೆ ಮಾಡಲು ತೇವ ಎಲ್ಲಿಂದ ತರಲಿ? ಗಿರಿಜವ್ವನ ಒಲೆಯ ಮೇಲಿನ ಹಲಗೆಯೇ ಗತಿ.

"ಮಾಮಾ, ಫಂಕ್ಷನ್ ಒಳಗಿನ ಹೆಸರಿನ ಮುಂದ ಲೋಕಲ್ ಅಂತ ಬರೀರಿ," ಎಂದು ರೂಪಾಲಿ ಎಚ್ಚರಿಸಿದಳು. "ಬರೀಲಿಲ್ಲಂದ್ರ ಆ ಹೆಸರು ಎಲ್ಲಾ ಕಡೆ ತಿರಗತೈತಿ. ಮನಿ ಮಾತು ಊರ ಮಾತಾಗತೈತಿ."

ನನಗೆ ಒಳಗೊಳಗೇ ಅವಮಾನವಾಯಿತು. ಲೋಕಲ್ ಎಂದರೆ ನಮ್ಮ ಕಡೆ ಕಳಪೆ ಮಾಲು. ಎಕ್ಸ್‌ಪೋರ್ಟ್ ಕ್ವಾಲಿಟಿ ದ್ರಾಕ್ಷಿ ಬೆಳೆಯುವ ಮನುಷ್ಯ ತನ್ನ ಕೈಯಾರೆ ಲೋಕಲ್ ಎಂದು ಬರೆಯುವುದೇ? ಅವಳು ಆಚೆ ಹೋದ ಮೇಲೆ ಎರಡೂ ಕಡೆ ಆ ಶಬ್ದವನ್ನು ಅಳಿಸಿದೆ. ಸ್ಕ್ರಿಪ್ಟ್ ಆಗಲೂ ಚೆನ್ನಾಗಿಯೇ ಓಡಿತು. ಸೊಸೆಗಿಂತ ನನಗೆ ಒಂದು ಕೈ ಹೆಚ್ಚೇ ತಿಳಿಯಿತೆಂದು ಮೀಸೆ ತಿರುವಿದೆ.

ಶೆಡ್ಡಿನ ತಗಡಿನ ಮೇಲೆ ಸೈರನ್ನಿನಂಥ ದೊಡ್ಡ ಭೋಂಗಾ ಕೂರಿಸಿದೆ. ತೇವ ಏರಿದರೆ ಅದು ಕೂಗಬೇಕು. ಕೂಗಿದೊಡನೆ ಸಾಲಿನ ಬೆಳೆಗಾರರೆಲ್ಲ ಓಡಿಬಂದು ಒಬ್ಬರ ಶೆಡ್ಡಿನ ಪರದೆಯನ್ನು ಇನ್ನೊಬ್ಬರು ಇಳಿಸಬೇಕು ಎಂದು ಒಪ್ಪಂದವಾಯಿತು. ಪಕ್ಕದ ತೋಟದ ಭೀಮಗೊಂಡ ಮಾತ್ರ ಬೆರಳೆತ್ತಿ ಹೇಳಿದ. "ಸುಳ್ಳ ಭೋಂಗಾ ಒದರಸಿದ್ರ ನೋಡಲೇ ರಾವಸಾಹೇಬ, ನಿನ್ನ ಆ ಡಬ್ಬಿ ಎಮ್ಮಿಗೆ ತಿನ್ನಸ್ತೀನಿ."

ಇಷ್ಟೆಲ್ಲ ಆದ ಮೇಲೆ ಒಂದು ದಿನ ನಿಪ್ಪಾಣಿಯಿಂದ ಬೀಗರು, ಅಂದರೆ ರೂಪಾಲಿಯ ತಂದೆ ವಿಠೋಬಾ, ಊಟಕ್ಕೆ ಬರುವವರಿದ್ದರು. ಮಗ ಅಮೋಲ ಮಾಲು ತೆಗೆದುಕೊಂಡು ಸಾಂಗ್ಲಿಗೆ ಹೋಗಿದ್ದ. ಗಿರಿಜವ್ವ ಬೆಳಿಗ್ಗೆಯಿಂದ ಹೂರಣ ರುಬ್ಬಿ, ಇಡೀ ಸಾಲಿಗೆ ಸಾಲುವಷ್ಟು ಕಡುಬು ಮಾಡಿ, ಹಂಡೆಯಂಥ ಪಾತ್ರೆಯಲ್ಲಿ ಹಬೆಗೆ ಇಟ್ಟಿದ್ದಳು. ನಾನು ಇಸ್ತ್ರಿ ಅಂಗಿ ತೊಟ್ಟು ಅಂಗಳದಲ್ಲಿ ಬೀಗರ ದಾರಿ ಕಾಯುತ್ತಿದ್ದೆ. ಜೀಪು ಬಂತು. ಗರಿಗರಿ ಧೋತರ, ಬಿಳಿ ಟೋಪಿ, ಕೈಯಲ್ಲಿ ಪೇಢೆಯ ಪುಡಿಕೆ ಹಿಡಿದು ವಿಠೋಬಾ ಇಳಿದರು.

"ನಮಸ್ಕಾರ ರಾವಸಾಹೇಬ..."

ಭೋಂಗಾ ಒದರಿತು!

ಉಗಾರದ ಸಕ್ಕರೆ ಕಾರ್ಖಾನೆಯ ಭೋಂಗಾಕ್ಕೆ ತಮ್ಮನೊಬ್ಬ ಹುಟ್ಟಿದ್ದರೆ ಹೀಗೆಯೇ ಅಳುತ್ತಿದ್ದ. ಎಮ್ಮೆ ಕಣ್ಣಿ ಹರಿದುಕೊಂಡಿತು. ಬೀಗರ ಕೈಯ ಪೇಢೆ ನೆಲಕ್ಕೆ ಬಿತ್ತು. "ಮಳಿ! ಪಡದಾ ಇಳಸ್ರಿ!" ಎಂದು ನಾನು ಶೆಡ್ಡಿನ ಕಡೆ ಓಡಿದೆ. ಏನು ಎತ್ತ ತಿಳಿಯದೆ, ಪಾಪ, ವಿಠೋಬಾ ಧೋತರ ಎತ್ತಿಕಟ್ಟಿ ನನ್ನ ಹಿಂದೆಯೇ ಓಡಿದರು. ನಾಲ್ಕೂ ದಿಕ್ಕಿನಿಂದ ಜನ ಬಂದರು. ಭೀಮಗೊಂಡ ಕ್ಷೌರಕ್ಕೆ ಕೂತಲ್ಲಿಂದಲೇ ಎದ್ದು ಬಂದಿದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ಸಾಬೂನಿನ ನೊರೆ. ಎಲ್ಲರೂ ಹಗ್ಗ ಬಿಚ್ಚಿ, ಪರದೆ ಎಳೆದು, ಶೆಡ್ಡನ್ನು ಮದುಮಗಳಂತೆ ಮುಚ್ಚಿಬಿಟ್ಟೆವು.

ಆಮೇಲೆ ಎಲ್ಲರೂ ತಲೆಯೆತ್ತಿ ಆಕಾಶ ನೋಡಿದೆವು.

ಒಂದು ತುಣುಕು ಮೋಡವಿರಲಿಲ್ಲ. ಸೂರ್ಯ ನನ್ನನ್ನೇ ನೋಡಿ ನಗುತ್ತಿದ್ದ.

"ರಾವಸಾಹೇಬ, ಡಬ್ಬಿ ಎಲ್ಲೈತಿ?" ಎಂದು ಭೀಮಗೊಂಡ ನೊರೆಯ ಕೆನ್ನೆಯನ್ನು ನನ್ನ ಕಡೆ ತಿರುಗಿಸಿದ. "ಎಮ್ಮಿ ಹಸದೈತಿ."

ಅಷ್ಟರಲ್ಲಿ ಗಿರಿಜವ್ವ ಅಡಿಗೆಮನೆಯಲ್ಲಿ ಕಡುಬಿನ ಪಾತ್ರೆಯನ್ನು ಕೆಳಗಿಳಿಸಿದಳು. ಭೋಂಗಾ ತಾನಾಗಿಯೇ ಬಾಯಿ ಮುಚ್ಚಿತು. ಸೌಟು ಹಿಡಿದು ಹೊರಗೆ ಬಂದವಳಿಗೆ ಎಲ್ಲವೂ ಒಂದೇ ನೋಟಕ್ಕೆ ಅರ್ಥವಾಯಿತು.

"ಏನ್ರಿ, ನನ್ನ ಕಡಬಿನ ಹಬಿಗೆ ಊರ ಮಂದೀನ ಕರಸೀರಿ?"

ರೂಪಾಲಿ ಹಣೆ ಒತ್ತಿಕೊಂಡಳು. "ಮಾಮಾ... ಲೋಕಲ್ ಬರದಿದ್ರಿಲ್ಲೊ?"

ನಾನು ಶೆಡ್ಡಿನ ಕಂಬವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ. ಲ್ಯಾಪ್‌ಟಾಪ್ ತೆರೆಯಲು ಹೊರಟ ಅವಳನ್ನು ಗಿರಿಜವ್ವ ತಡೆದಳು. "ಅದೇನೈತಿ ಆಮ್ಯಾಲ ನೋಡವಾ. ಬಂದ ಮಂದಿ ಬರಗೈಲೆ ಹೋಗಬಾರ್ದು. ತುಪ್ಪದ ತಂಬಗಿ ತಗೊಂಡ ಬಾ. ಭೀಮಗೊಂಡಣ್ಣ, ಕೂಡ್ರಿ. ಬೀಗರ, ನೀವೂ ಕೂಡ್ರಿ."

ಬಿಸಿ ಕಡುಬನ್ನು ಮುರಿದು, ನಡುವೆ ತುಪ್ಪ ಸುರಿದರೆ ಎಂಥ ಸಿಟ್ಟೂ ಕರಗುತ್ತದೆ. ಶೆಡ್ಡಿನ ನೆರಳಿನಲ್ಲಿಯೇ ಪಂಗತಿ ಕೂತಿತು. ಎಲ್ಲರೂ ನನ್ನನ್ನು ಬೈಯುತ್ತ ತಿಂದರು; ಬೈಗುಳ ನೆಂಚಿಕೊಂಡಿದ್ದಕ್ಕೋ ಏನೋ, ಹೆಚ್ಚೇ ತಿಂದರು. ಪರದೆ ಮೇಲೆತ್ತಲು ಯಾರಿಗೂ ಏಳಲಾಗಲಿಲ್ಲ.

ಆಗ ಪಶ್ಚಿಮದಿಂದ ತಣ್ಣನೆಯ ಗಾಳಿಯೊಂದು ಪರದೆಯನ್ನು ಉಬ್ಬಿಸಿತು. ಇದ್ದಕ್ಕಿದ್ದಂತೆ ಬೆಳಕು ಮಸುಕಾಯಿತು. ತಗಡಿನ ಮೇಲೆ ಯಾರೋ ಒಂದು ಹಿಡಿ ಕಡಲೆ ಎಸೆದಂತೆ ಸದ್ದಾಯಿತು. ಆಲಿಕಲ್ಲು!

ಭೀಮಗೊಂಡನ ಕೈಯ ಕಡುಬು ಬಾಯಿಯ ಹತ್ತಿರವೇ ನಿಂತಿತು. "ಯವ್ವಾ! ನನ್ನ ಶೆಡ್ಡ ತೆರದ ಬಿದ್ದೈತಿ!"

ಎಲ್ಲರೂ ಒಟ್ಟಿಗೆ ಇದ್ದೆವು, ಅದೇ ನಮ್ಮ ಪುಣ್ಯ. ತುಪ್ಪದ ಕೈಯಲ್ಲಿಯೇ ಅವನ ಶೆಡ್ಡಿಗೆ ಓಡಿದೆವು. ಅಲ್ಲಿಂದ ಆಚೆಯವರದ್ದಕ್ಕೆ, ಅಲ್ಲಿಂದ ಅದರಾಚೆಯದ್ದಕ್ಕೆ. ಗಿರಿಜವ್ವ ಸೆರಗು ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ಓಡಿದಳು. ವಿಠೋಬಾ ತುಪ್ಪದ ಕೈಗೆ ಜಾರುವ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ನಿಜವಾದ ಮಳೆ ಧೋ ಎಂದು ಸುರಿಯುವ ಹೊತ್ತಿಗೆ ಸಾಲಿನ ಕಟ್ಟಕಡೆಯ ಪರದೆಯೂ ಇಳಿದಿತ್ತು.

ತೊಯ್ದು ಮುದ್ದೆಯಾಗಿ ಮರಳಿ ಬಂದು ನಮ್ಮ ಶೆಡ್ಡಿನ ಒಳಗೆ ಕೈಹಾಕಿ ಒಂದು ಹಿಡಿ ಒಣದ್ರಾಕ್ಷಿ ತೆಗೆದೆ. ಬೆಚ್ಚಗಿತ್ತು, ಒಣಗಿತ್ತು, ಹೊನ್ನಿನ ಬಣ್ಣವಿತ್ತು. ಗಿರಿಜವ್ವನ ಅಂಗೈಗೆ ಸುರಿದೆ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ತಲೆಯಾಡಿಸಿದಳು. ಭೀಮಗೊಂಡ ನನ್ನ ಕೈ ಹಿಡಿದುಕೊಂಡ. ಅವನ ಕೆನ್ನೆಯ ನೊರೆಯನ್ನು ಮಳೆ ತೊಳೆದಿತ್ತು.

ಆ ಪವಿತ್ರ ಘಳಿಗೆಯಲ್ಲಿ ಬೀಗರು ಬಹಳ ಮುಗ್ಧವಾಗಿ ಕೇಳಿದರು. "ರಾವಸಾಹೇಬ, ಇಷ್ಟ ಮಳಿ ಆಗಾಕತ್ತೈತಿ. ಈಗ್ಯಾಕ ಆ ಭೋಂಗಾ ಒದರವಲ್ದು?"

ಎಲ್ಲರೂ ತಗಡಿನ ಮೇಲೆ ನೋಡಿದರು. ಭೋಂಗಾ ಮೌನವ್ರತದಲ್ಲಿ ತೋಯುತ್ತಿತ್ತು.

ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದ ರೂಪಾಲಿ ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದಳು. ಎರಡೂ ಫಂಕ್ಷನ್ನಿನಲ್ಲಿ 'ತೇವ' ಎಂಬ ಒಂದೇ ಹೆಸರು. ಲೋಕಲ್ ಬರೆಯದ್ದರಿಂದ ಅಂಕಿ ಇಡಲು ಎರಡಕ್ಕೂ ಸೇರಿ ಒಂದೇ ಜಾಗ. ಮೊದಲು ಶೆಡ್ಡು ತನ್ನ ತೇವವನ್ನು ಹೇಳುತ್ತಿತ್ತು, ಮರುಕ್ಷಣ ಅಡಿಗೆಮನೆ ಅದನ್ನು ಒರೆಸಿ ತನ್ನದನ್ನು ಬರೆಯುತ್ತಿತ್ತು. ಭೋಂಗಾ ಕೇಳುತ್ತಿದ್ದದ್ದು ಅಡಿಗೆಮನೆಯ ಮಾತನ್ನು ಮಾತ್ರ.

"ಅಂದ್ರ," ಎಂದ ಭೀಮಗೊಂಡ, "ಶೆಡ್ಡ ಎಷ್ಟ ಹೊಯ್ಕೊಂಡ್ರೂ ಕಡೀ ಮಾತು ವೈನಿಯವರ ಒಲೀದು!"

"ಬ್ಯಾರೆ ಯಾರ ಮನ್ಯಾಗ ಹಂಗಿಲ್ಲ ಹೇಳ್ರಿ?" ಎಂದರು ವಿಠೋಬಾ. ಗಂಡಸರೆಲ್ಲ ನೆಲ ನೋಡಿದರು.

ಅಲ್ಲಿಯೇ ಎಲ್ಲರ ಎದುರಿಗೆ ಕೂತು, ಎರಡೂ ಕಡೆ ದೊಡ್ಡ ಭಕ್ತಿಯಿಂದ ಲೋಕಲ್ ಎಂದು ಬರೆದೆ. ರೂಪಾಲಿ ಓಡಿಸಿದಳು. ಭೋಂಗಾ ಕೂಡಲೇ ಮಳೆಯನ್ನು ಘೋಷಿಸಿತು. ಎಲ್ಲರೂ ಮಳೆಯಲ್ಲಿ ತೊಯ್ದು ಬಂದವರೇ ಆದ್ದರಿಂದ ಯಾರಿಗೂ ಅದು ಹೊಸ ಸುದ್ದಿಯೆನಿಸಲಿಲ್ಲ.

ಈ ವರ್ಷದ ಮಾಲಿಗೆ ಒಳ್ಳೆಯ ಬೆಲೆ ಬಂದ ಸಂತೋಷಕ್ಕೆ ಬೆಳೆಗಾರರೆಲ್ಲ ಸೇರಿ ಒಂದು ಸಣ್ಣ ಸತ್ಕಾರ ಇಟ್ಟುಕೊಂಡರು. ಸತ್ಕಾರ ಯಾರಿಗೆಂದು ಕೇಳಬೇಡಿ. ಲುವಾ ಬರೆದವನಿಗಂತೂ ಅಲ್ಲ. ಗಿರಿಜವ್ವನಿಗೆ ಶಾಲು, ಹಾರ, ತೆಂಗಿನಕಾಯಿ ಎಲ್ಲ ಆಯಿತು. ಎರಡು ಮಾತು ಆಡಿರಿ ಎಂದರು. ಮೈಕು ಹಿಡಿದು ಅವಳು ಹೇಳಿದಳು.

"ನಾ ಏನೂ ಮಾಡಿಲ್ರಿ, ಕಡಬು ಮಾಡೇನಿ ಅಷ್ಟ. ಕಲಿಸಿದಾಕಿ ನಮ್ಮ ರೂಪಾಲಿ. ಓಡಿ ಬಂದವ್ರು ನೀವೆಲ್ಲಾ. ಆದ್ರ ನಮ್ಮವರು ಒಂದೂ ತಪ್ಪಿಲ್ದಂಗ ಬರದಿದ್ರ, ಅವತ್ತ ನಾವ್ಯಾರೂ ಒಂದ ಕಡೆ ಕೂಡತಿದ್ದಿಲ್ಲ. ಇಷ್ಟ ಚೊಲೋ ತಪ್ಪ ಮಾಡೋ ಗಂಡನ್ನ ಕೊಟ್ಟಾನಂತ ದೇವರಿಗೆ ಕೈ ಮುಗೀತೀನಿ."

ಜನ ನಕ್ಕು ಚಪ್ಪಾಳೆ ತಟ್ಟಿದರು. ನನಗೆ ನಗು ಬರಲಿಲ್ಲ. ಕಣ್ಣು ಮಂಜಾಯಿತು. ಅವಳು ಅಷ್ಟು ಜನರ ನಡುವೆ ನನ್ನನ್ನು ಹೊಗಳಿದ್ದು (ಹೊಗಳಿಕೆಯೇ ಅದು, ನಾನು ಹಾಗೆಯೇ ತಿಳಿದಿದ್ದೇನೆ) ಅದೇ ಮೊದಲು. ನಾನು ಎದ್ದುನಿಂತು, ಸೊಸೆಗೂ ಸಾಲಿನವರಿಗೂ ಹೆಂಡತಿಗೂ ಕೈ ಮುಗಿದೆ. ಗಿರಿಜವ್ವ ವೇದಿಕೆಯಿಂದ ಇಳಿದು ನೇರ ನನ್ನ ಬಳಿಗೆ ಬಂದಳು. ತನ್ನ ಮೈಮೇಲಿನ ಶಾಲನ್ನು ತೆಗೆದು ನನ್ನ ಹೆಗಲಿಗೆ ಹೊದಿಸಿದಳು. ಚಪ್ಪಾಳೆ ಇನ್ನೂ ಜೋರಾಯಿತು. ಮೊಬೈಲುಗಳು ಫೋಟೋ ಹೊಡೆದವು. ಇಂಥ ಹೆಂಡತಿಯನ್ನು ಪಡೆಯಲು ಯಾವ ಜನ್ಮದ ಪುಣ್ಯವೋ ಎಂದು ನಾನು ಎದೆಯುಬ್ಬಿಸಿ ನಿಂತಿರುವಾಗ ಅವಳು ಕಿವಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದಳು.

"ಈ ಶಾಲಿನ ಸೆಕಿ ತಡಿಯಾಂಗಿಲ್ಲರಿ. ಮನಿಗೆ ಹೋಗೂತನಾ ಹಿಂಗ ಹಿಡ್ಕೊಂಡ ನಿಂದರ್ರಿ. ಮಡಿಕಿ ಮುರೀಬ್ಯಾಡ್ರಿ, ಯಾರದರ ಮದವ್ಯಾಗ ಆಯಾರ ಮಾಡಾಕ ಬರತೈತಿ."